ಲ್ಯಾಮಿಂಗ್ಟನ್ ರಸ್ತೆ: ದುರಸ್ತಿ ಬಲ್ಲವರ ಪೇಟೆ

ಜಪಾನಿನ ರಾಜಧಾನಿಯಾದ ಟೋಕಿಯೋ ನಗರದಲ್ಲಿ ಅಕಿಹಾಬಾರಾ ಎಂಬ ಪೇಟೆಯೊಂದಿದೆ. ರೇಡಿಯೋ, ಗಣಕಯಂತ್ರ, ಹಳೆಯ ವಿಡಿಯೋ ಆಟ, ಚಿತ್ರಕಥೆಯ ಪುಸ್ತಕ, ಬಣ್ಣಬಣ್ಣದ ಬೊಂಬೆ ಇವೆಲ್ಲವೂ ಒಂದೆಡೆ ದೊರೆಯುವ ಆ ಪೇಟೆಯನ್ನು ನೋಡಲೆಂದೇ ದೇಶದೇಶಗಳ ಜನರು ಅಲ್ಲಿಗೆ ಹೋಗುವುದುಂಟು. ನಮ್ಮ ವಾಚಕರಲ್ಲಿ ಬಹುಮಂದಿ ಹೊಟೇಲಿನ ಕೆಲಸಗಾರರು, ಉಳಿದವರಲ್ಲಿ ಅನೇಕರು ಕಚೇರಿಗಳ ಗುಮಾಸ್ತರು. ಟೋಕಿಯೋವಿನ ಯಾತ್ರೆ ಅವರಿಗೆ ದೂರದ ಮಾತೇ ಸರಿ. ಆದರೆ ಆ ಪೇಟೆಯ ತಮ್ಮನೆನ್ನಬಹುದಾದ ಇನ್ನೊಂದು ಪೇಟೆ ನಮ್ಮ ಮಗ್ಗುಲಲ್ಲೇ ಇದೆ. ಪರೇಲ್ ನಿಲ್ದಾಣದ ಪಾದಚಾರಿ ಸೇತುವೆಯನ್ನು ದಾಟಿ ಪ್ರಭಾದೇವಿಯಲ್ಲಿ ನಿಧಾನಗಾಡಿಯನ್ನೇರಿದರೆ ಲೋವರ್ ಪರೇಲ್, ಮಹಾಲಕ್ಷ್ಮೀ, ಮುಂಬಯಿ ಸೆಂಟ್ರಲ್ ಕಳೆದು ನಾಲ್ಕನೆಯದು ಗ್ರಾಂಟ್ ರೋಡ್. ಅಲ್ಲಿಳಿದು ಪೂರ್ವದಿಕ್ಕಿಗೆ ಕೆಲವು ನಿಮಿಷ ನಡೆದರೆ ಸಿಗುವುದೇ ಲ್ಯಾಮಿಂಗ್ಟನ್ ರಸ್ತೆ.

ಈ ಪೇಟೆಯ ವಿಷಯವಾಗಿ ಬರೆಯಲು ನಮಗೆ ಒಂದು ಕಾರಣವಿದೆ. ನಮ್ಮವರು ಅಲ್ಲಿಗೆ ಹೋಗುವುದು ಅಗ್ಗದ ವಸ್ತುವಿಗಾಗಿ. ವಸ್ತುವಿಗಿಂತಲೂ ಬೆಲೆಯುಳ್ಳದ್ದು ಅಲ್ಲಿ ಇನ್ನೊಂದಿದೆ, ಅದನ್ನು ನೋಡದೆ ಹಿಂತಿರುಗುವವರೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಅಣ್ಣನ ಕಥೆ

ಅಕಿಹಾಬಾರಾ ಇಂದು ದೀಪಗಳಿಂದ ಜಗಜಗಿಸುತ್ತಿದ್ದರೂ ಅದರ ಹುಟ್ಟು ಬೀದಿಬದಿಯಲ್ಲಿ. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಟೋಕಿಯೋ ಸುಟ್ಟು ಬೂದಿಯಾಗಿತ್ತು. ಸೈನ್ಯದವರು ಬಿಟ್ಟುಹೋದ ವಾಲ್ವು, ತಂತಿ, ಬಿಡಿಭಾಗಗಳನ್ನು ಹಾದಿಬದಿಯಲ್ಲಿ ಹರಡಿಕೊಂಡು ಮಾರುವವರು ಹುಟ್ಟಿಕೊಂಡರು. ಸಮೀಪದ ವಿದ್ಯುತ್ ಶಾಲೆಯ ವಿದ್ಯಾರ್ಥಿಗಳು ಆ ಭಾಗಗಳನ್ನು ಕೊಂಡು, ಜೋಡಿಸಿ, ರೇಡಿಯೋ ಮಾಡಿ ಮಾರಿದರು. 1949ರಲ್ಲಿ ಬೀದಿಯ ಅಂಗಡಿಗಳನ್ನು ತೆರವು ಮಾಡಬೇಕೆಂದು ಆಕ್ರಮಿತ ಸೇನೆಯ ಅಪ್ಪಣೆಯಾಯಿತು. ಅಂಗಡಿಕಾರರು ಚದರಿಹೋಗಲಿಲ್ಲ. ರೈಲುಸೇತುವೆಯ ಕಮಾನಿನ ಕೆಳಗೆ ಒಬ್ಬನು ಕೂರುವಷ್ಟು ಅಗಲದ ಗೂಡುಗಳನ್ನು ಪಡೆದು ವ್ಯಾಪಾರ ಮುಂದುವರಿಸಿದರು. ಅಂಥ ಗೂಡುಗಳಲ್ಲಿ ಕೆಲವು ಇಂದಿಗೂ ಇವೆ.

ಮುಂದೆ ಆ ಪೇಟೆಗೆ ಮನೆಬಳಕೆಯ ಯಂತ್ರಗಳು ಬಂದುವು, 1980ರ ದಶಕದಲ್ಲಿ ಗಣಕಯಂತ್ರ ಮತ್ತು ವಿಡಿಯೋ ಆಟಗಳು ಬಂದುವು, ಅವುಗಳ ಬೆನ್ನಿಗೇ ಚಿತ್ರಕಥೆ ಬೊಂಬೆಗಳೂ ಬಂದುವು. ಸರಕು ಬದಲಾಗುತ್ತ ಹೋದರೂ ಬಿಡಿಭಾಗ ಮಾರುವವನೂ ಅದನ್ನು ಜೋಡಿಸಬಲ್ಲವನೂ ಅಲ್ಲಿ ಉಳಿದುಕೊಂಡರು. ಪೇಟೆಯ ಬೇರು ಅವರೇ.

ತಮ್ಮನ ಕಥೆ

ಲ್ಯಾಮಿಂಗ್ಟನ್ ರಸ್ತೆಗೆ ಆ ಹೆಸರು ಬಂದುದು 1903ರಿಂದ 1907ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನಿಂದ. ನಗರಪಾಲಿಕೆಯ ಫಲಕದ ಮೇಲೆ ಅದು ಡಾ. ದಾದಾಸಾಹೇಬ ಭಡಕಮಕರ್ ಮಾರ್ಗ. ಆದರೆ ಟ್ಯಾಕ್ಸಿಯವನಿಗೆ ಹಳೆಯ ಹೆಸರನ್ನು ಹೇಳಿದರೇನೇ ಬೇಗ ತಿಳಿಯುತ್ತದೆ.

ಈ ರಸ್ತೆ ಒಂದು ಕಾಲಕ್ಕೆ ಸಿನೆಮಾದ ರಸ್ತೆ. ನಾಜ್ ಚಿತ್ರಮಂದಿರದ ಕಟ್ಟಡದಲ್ಲಿ ಹಿಂದೀ ಚಿತ್ರಗಳ ಹಂಚಿಕೆದಾರರ ಕಚೇರಿಗಳು ತುಂಬಿದ್ದುವು. 1975ರಲ್ಲಿ ತೆರೆಕಂಡ 'ಶೋಲೆ' ಇಲ್ಲಿಯ ಮಿನರ್ವಾದಲ್ಲಿ ಐದು ವರ್ಷಗಳಿಗೂ ಮಿಕ್ಕಿ ಓಡಿತು. ಆ ಮಿನರ್ವಾ ಇಂದಿಲ್ಲ. ಚಿತ್ರಮಂದಿರಗಳ ನೆರಳಿನಲ್ಲೇ ರೇಡಿಯೋದ ಬಿಡಿಭಾಗಗಳ ವ್ಯಾಪಾರವೂ ಬೆಳೆಯಿತು. ರೇಡಿಯೋ ಇಟ್ಟುಕೊಳ್ಳಲು ಅಂಚೆಕಚೇರಿಯ ಪರವಾನಗಿ ಬೇಕಾಗಿದ್ದ ಕಾಲವದು. ಬುಧವಾರದ ರಾತ್ರಿ ರೇಡಿಯೋ ಸಿಲೋನಿನ 'ಬಿನಾಕಾ ಗೀತಮಾಲಾ' ಕೇಳಲು ಗಿರಾಕಿಗಳು ಹೊಟೇಲುಗಳಲ್ಲಿ ಒಂದೇ ಕಪ್ಪು ಚಹಾ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದರೆಂದು ನಮ್ಮ ಹಿರಿಯ ಮಾಲಕರು ಇಂದಿಗೂ ಹೇಳುತ್ತಾರೆ. ಆ ರೇಡಿಯೋ ಕೆಟ್ಟಿತೆಂದರೆ ಗಿರಾಕಿಯೂ ಕೆಟ್ಟಂತೆಯೇ.

1972ರ ಅಕ್ಟೋಬರ 2ರಂದು ಮುಂಬಯಿ ದೂರದರ್ಶನ ಆರಂಭವಾಯಿತು, 1982ರಲ್ಲಿ ಬಣ್ಣದ ಪ್ರಸಾರ ಬಂತು, 1991ರ ಬಳಿಕ ಆಮದಿನ ಬಾಗಿಲು ತೆರೆಯಿತು. ಒಂದೊಂದು ಅಲೆಯೂ ಈ ರಸ್ತೆಯ ಅಂಗಡಿಗಳಲ್ಲಿ ತನ್ನ ಸರಕನ್ನು ಬಿಟ್ಟುಹೋಯಿತು. ಇಂದು ಇಲ್ಲಿ ಗಣಕಯಂತ್ರ, ಕಣ್ಗಾವಲಿನ ಕ್ಯಾಮರಾ, ಧ್ವನಿವರ್ಧಕ, ಮೊಬೈಲಿನ ಗಾಜು, ಕಡಲೆಕಾಳಿನಷ್ಟು ಚಿಕ್ಕ ಬಿಡಿಭಾಗ ಎಲ್ಲವೂ ಲಭ್ಯ. ನಮ್ಮ ಹೊಟೇಲುಗಳ ಗಲ್ಲಾದ ಮೇಲೆ ಕುಳಿತಿರುವ ಬಿಲ್ಲಿನ ಯಂತ್ರವೂ ಬಾಗಿಲ ಮೇಲಿನ ಕ್ಯಾಮರಾವೂ ಬಹಳ ಮಟ್ಟಿಗೆ ಈ ದಾರಿಯಾಗಿಯೇ ಬಂದವು. ಬೆಂಗಳೂರನ್ನು ಬಲ್ಲವರಿಗೆ ಸಾದರ್ ಪತ್ರಪ್ಪ ರಸ್ತೆಯ ನೆನಪಾಗದಿರದು.

ಎಲ್ಲಕ್ಕೂ ಮೊದಲು ಒಂದು ಎಚ್ಚರಿಕೆ. ಇಲ್ಲಿಯ ಅಂಗಡಿಗಳು ಬಹುತೇಕ ಭಾನುವಾರ ಮುಚ್ಚಿರುತ್ತವೆ. ಗುಮಾಸ್ತ ಬಂಧುಗಳು ಶನಿವಾರದ ಸಂಜೆಯನ್ನು ಆರಿಸಿಕೊಳ್ಳಬೇಕು. ವಾರದ ನಡುವೆ ರಜೆ ಪಡೆಯುವ ಹೊಟೇಲು ಕೆಲಸಗಾರರಿಗೆ ಈ ಒಂದು ವಿಷಯದಲ್ಲಾದರೂ ಅನುಕೂಲವೇ ಆಯಿತು.

ಆಟದ ಪೆಟ್ಟಿಗೆ

ಮೂವತ್ತು ನಾಲ್ವತ್ತು ವರ್ಷಗಳ ಹಿಂದೆ ಟೆಲಿವಿಷನ್ನಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆ ನಮ್ಮ ದೇಶಕ್ಕೆ ಬಂದಿತಷ್ಟೆ. ಅದರ ಮೂಲ ಜಪಾನಿನ ನಿಂಟೆಂಡೋ ಸಂಸ್ಥೆ 1983ರಲ್ಲಿ ಹೊರತಂದ 'ಫ್ಯಾಮಿಲಿ ಕಂಪ್ಯೂಟರ್'. ಈ ಸಂಸ್ಥೆ 1889ರಲ್ಲಿ ಕ್ಯೋಟೋ ನಗರದಲ್ಲಿ ಹುಟ್ಟಿದ್ದು ಇಸ್ಪೀಟಿನಂಥ ಹೂವಿನ ಎಲೆಗಳನ್ನು ತಯಾರಿಸುವುದಕ್ಕಾಗಿ ಎಂದರೆ ವಾಚಕರಿಗೆ ಸೋಜಿಗವಾದೀತು. ಮೂಲಯಂತ್ರ ನಮ್ಮಲ್ಲಿ ಕಂಡವರು ವಿರಳ. ತೈವಾನ್ ಮತ್ತು ಚೀನಾಗಳಲ್ಲಿ ತಯಾರಾದ ಅದರ ಅಗ್ಗದ ನಕಲುಗಳೇ ಇಲ್ಲಿಯ ಮನೆಗಳನ್ನು ಹೊಕ್ಕುವು. ಒಂದೇ ಡಬ್ಬಿಯಲ್ಲಿ 99,999 ಆಟಗಳಿವೆ ಎಂದು ಹೊದಿಕೆಯ ಮೇಲೆ ಅಚ್ಚಾಗಿರುತ್ತಿತ್ತು. ಒಳಗೆ ಕೈಬೆರಳುಗಳಲ್ಲಿ ಎಣಿಸುವಷ್ಟು ಆಟಗಳೇ ಹೆಸರು ಬದಲಿಸಿ ತಿರುತಿರುಗಿ ಬರುತ್ತಿದ್ದುವು.

ಊರಿನಿಂದ ಬಂದು ಹೊಟೇಲಿನಲ್ಲಿ ಮೇಜು ಒರೆಸುತ್ತಿದ್ದ ಹುಡುಗನಿಗೆ ಆ ಪೆಟ್ಟಿಗೆಯನ್ನು ಕೊಳ್ಳುವ ಸಾಮರ್ಥ್ಯವೆಲ್ಲಿಯದು? ಗಂಟೆಗಿಷ್ಟೆಂದು ಬಾಡಿಗೆ ಪಡೆಯುವ ಅಂಗಡಿಗೆ ಹೋಗಿ, ಕೈಯಲ್ಲಿದ್ದ ಟಿಪ್ಸಿನ ಚಿಲ್ಲರೆ ಮುಗಿಯುವವರೆಗೆ ಆಡಿ ಬರುತ್ತಿದ್ದನು. ಅಂಥವರು ಇಂದು ನಾಲ್ವತ್ತು ದಾಟಿದ್ದಾರೆ, ಕೆಲವರು ಸ್ವಂತ ಹೊಟೇಲು ಇಟ್ಟಿದ್ದಾರೆ. ಅಂದು ಕೈಗೆಟುಕದ ಆ ಆಟವನ್ನು ಇಂದು ಹುಡುಕಿಕೊಂಡು ಹೋಗುವವರು ಅವರಲ್ಲಿದ್ದಾರೆ. ಅದನ್ನು ಮಕ್ಕಳಾಟವೆಂದು ನಾವು ನಗಲಾರೆವು. ಹದಿಮೂರರಲ್ಲಿ ದುಡಿಮೆಗಿಳಿದವನ ಪಾಲಿಗೆ ಬಾಲ್ಯವೆಂಬುದು ಬಾಕಿಯುಳಿದ ಸಾಲ. ಅದನ್ನು ಆತನು ಯಾವ ವಯಸ್ಸಿನಲ್ಲಿ ವಸೂಲು ಮಾಡಿಕೊಂಡರೂ ತಪ್ಪೇನು?

ಆದರೆ ಹಳೆಯ ಯಂತ್ರಕ್ಕೆ ಹಳೆಯ ವೈದ್ಯನೇ ಬೇಕು. ಆಟದ ಡಬ್ಬಿ ನಡೆಯದಿದ್ದರೆ ಬಾಯಿಂದ ಊದುವುದು ನಮ್ಮೆಲ್ಲರ ಅಭ್ಯಾಸ. ಊದಿದಾಗ ಉಸಿರಿನ ತೇವ ಒಳಗಿನ ಲೋಹಕ್ಕೆ ತಗುಲಿ ಕಿಲುಬು ಹೆಚ್ಚುತ್ತದೆಯೇ ಹೊರತು ಗುಣವಾಗದು. ಶುದ್ಧ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕೆನ್ನುತ್ತಾನೆ ಬಲ್ಲವನು. ಹಕ್ಕಿಗೆ ಗುರಿಯಿಡುವ ಬಂದೂಕಿನ ಆಟ ಇಂದಿನ ಚಪ್ಪಟೆ ಟೆಲಿವಿಷನ್ನಿನಲ್ಲಿ ನಡೆಯುವುದೇ ಇಲ್ಲ. ಕುದುರೆಯನ್ನು ಎಳೆದ ಕ್ಷಣದಲ್ಲಿ ಪರದೆ ಕಪ್ಪಾಗಿ, ಹಕ್ಕಿಯಿದ್ದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ತುದಿಯಲ್ಲಿರುವ ಕಣ್ಣು ಆ ಬೆಳಕನ್ನು ಹಿಡಿಯಬೇಕು. ಗಾಜಿನ ಕೊಳವೆಯ ಹಳೆಯ ಟೆಲಿವಿಷನ್ನು ತಡವಿಲ್ಲದೆ ಬೆಳಕು ಬೀರುತ್ತಿತ್ತು, ಹೊಸತು ಒಂದಿಷ್ಟು ತಡಮಾಡುತ್ತದೆ. ಆ ತಡದಲ್ಲಿ ಗುರಿ ತಪ್ಪಿತು. ಆದುದರಿಂದಲೇ ಗುಜರಿಗೆ ಹೋಗಬೇಕಾದ ಡಬ್ಬಾ ಟೆಲಿವಿಷನ್ನಿಗೂ ಇಂದು ಗಿರಾಕಿಯಿದ್ದಾನೆ.

ನಿಂಟೆಂಡೋ ಸಂಸ್ಥೆ ತನ್ನ ಆ ಹಳೆಯ ಯಂತ್ರದ ತಯಾರಿಕೆಯನ್ನು 2003ರಲ್ಲಿಯೂ ದುರಸ್ತಿಯನ್ನು 2007ರಲ್ಲಿಯೂ ನಿಲ್ಲಿಸಿತು. ತಯಾರಿಸಿದವನೇ ಕೈಬಿಟ್ಟ ಯಂತ್ರಕ್ಕೆ ಅಕಿಹಾಬಾರಾದ ಗೂಡಿನಲ್ಲಿ ಕುಳಿತವನೂ ನಮ್ಮ ಪೇಟೆಯ ಓಣಿಯಲ್ಲಿ ಕುಳಿತವನೂ ಜೀವ ಕೊಡುತ್ತಾರೆ. ಉಬ್ಬಿದ ಕ್ಯಾಪಾಸಿಟರನ್ನು ಕಿತ್ತು ಹೊಸದನ್ನು ಬೆಸೆದು, ಸಡಿಲಾದ ಪಟ್ಟಿಯನ್ನು ಬದಲಿಸಿ, ಎರಡು ತಂತಿ ಮುಟ್ಟಿಸಿ ನೋಡಿ 'ಚಲೇಗಾ' ಎಂದಾಗ ಅವರ ಮುಖದಲ್ಲಿ ಕಾಣುವ ತೃಪ್ತಿ, ದೋಸೆ ಹದವಾಗಿ ಎದ್ದು ಬಂದಾಗ ನಮ್ಮ ಭಟ್ಟರ ಮುಖದಲ್ಲಿ ಕಾಣುವಂಥದೇ.

ಚೋರ್ ಬಜಾರಿನತ್ತ

ಕಾಲಿನಲ್ಲಿ ಶಕ್ತಿಯುಳ್ಳವರು ಅಲ್ಲಿಂದಲೇ ಮೌಲಾನಾ ಶೌಕತ್ ಅಲಿ ರಸ್ತೆ ಹಿಡಿದು ಮಟನ್ ಸ್ಟ್ರೀಟಿನ ಚೋರ್ ಬಜಾರಿಗೂ ಹೋಗಬಹುದು. ಕಹಳೆಯಿರುವ ಗ್ರಾಮಾಫೋನು, ವಾಲ್ವಿನ ರೇಡಿಯೋ, ಹಳೆಯ ಹಿಂದೀ ಚಿತ್ರಗಳ ಭಿತ್ತಿಪತ್ರ ಅಲ್ಲಿಯ ಸೊಗಸು. ಶುಕ್ರವಾರ ಅಂಗಡಿಗಳಿಗೆ ರಜೆ, ಅಂದು ಬೀದಿಯಲ್ಲಿ ಹರಡಿದ ಹಳೆಯ ಸಾಮಾನುಗಳದ್ದೇ ಸಂತೆ. ಕೈಬರಹದ ಕಾಲದ ಭಿತ್ತಿಪತ್ರವೆಂದು ಹೇಳಿ ಹೊಸ ಅಚ್ಚನ್ನು ಮಾರುವವರೂ ಉಂಟಾದುದರಿಂದ ಕಣ್ಣು ಕಿವಿ ತೆರೆದಿರಲಿ.

ಕೊಳ್ಳುವವರಿಗೆ ನಾಲ್ಕು ಮಾತು

ಆಟದ ವಿಷಯ ಹಾಗಿರಲಿ. ನಮ್ಮವರು ಹೆಚ್ಚಾಗಿ ಈ ಪೇಟೆಗೆ ಹೋಗುವುದು ಮಗಳ ಕಾಲೇಜಿಗೆ ಒಂದು ಬಳಸಿದ ಲ್ಯಾಪ್‌ಟಾಪನ್ನೋ ಊರಿನ ತಾಯಿಗೆ ಒಂದು ಮೊಬೈಲನ್ನೋ ಕೊಳ್ಳಲು. ಅದು ಹಲವು ತಿಂಗಳ ಉಳಿತಾಯ. ಅದು ನೀರಿನಲ್ಲಿ ಹೋಮವಾಗಬಾರದು.

ಮೂರು ಅಂಗಡಿಗಳಲ್ಲಿ ಬೆಲೆ ಕೇಳದೆ ಮೊದಲನೆಯದರಲ್ಲಿ ಕೊಳ್ಳಬೇಡಿ. ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲನ್ನು ಕೇಳಿ ಪಡೆಯಿರಿ. 'ಬಿಲ್ಲು ಬೇಡವಾದರೆ ಇಷ್ಟು ಕಡಿಮೆ' ಎಂಬ ಮಾತಿಗೆ ಮರುಳಾದರೆ ನಾಳೆ ದೂರು ಕೊಡಲು ಕೈಯಲ್ಲಿ ಕಾಗದವಿರದು. ಬಿಲ್ಲಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬಹುದು. ಬಳಸಿದ ಮೊಬೈಲಾದರೆ *#06# ಒತ್ತಿ, ಪರದೆಯ ಮೇಲೆ ಬರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರಕಾರದ 'ಸಂಚಾರ್ ಸಾಥಿ'ಯಲ್ಲಿ ಪರೀಕ್ಷಿಸಿರಿ. ಕಳವಾದುದೆಂದು ದಾಖಲಾದ ಮೊಬೈಲನ್ನು ದೇಶವ್ಯಾಪಿಯಾಗಿ ತಡೆಹಿಡಿಯುವ ಏರ್ಪಾಡು 2023ರಿಂದ ಇದೆ. ಅಂಥದನ್ನು ಕೊಂಡರೆ ಹಣವೂ ಹೋಯಿತು, ಪೋಲೀಸರ ಕಾಟವೂ ಬಂತು.

ಲ್ಯಾಪ್‌ಟಾಪಿನ ವಿಷಯದಲ್ಲಿ ಇನ್ನೊಂದು ಸಂಗತಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ 14ಕ್ಕೆ ಮುಗಿಯಿತು. ಹೊಸ ವಿಂಡೋಸ್ 11ಕ್ಕೆ, ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ 8ನೆಯ ಪೀಳಿಗೆ ಅಥವಾ ಅದರ ಮುಂದಿನದು ಬೇಕು. ಅದಕ್ಕಿಂತ ಹಳೆಯದನ್ನು ಅಂಗಡಿಕಾರನು ಅಗ್ಗವಾಗಿ ಕೊಟ್ಟರೆ ಏಕೆ ಕೊಡುತ್ತಿದ್ದಾನೆಂಬುದನ್ನು ತಿಳಿದಿರಿ. ಓದು ಬರಹಕ್ಕೆ ಮಾತ್ರವಾದರೆ ಹಣ ತೆರಬೇಕಾಗಿಲ್ಲದ ಲಿನಕ್ಸ್ ಹಾಕಿಸಿ ಅದನ್ನೇ ಬಳಸಲೂ ಬಹುದು. ಮಾಡಿಕೊಡುವ ಹುಡುಗರು ಅಲ್ಲಿಯೇ ಇದ್ದಾರೆ.

ಆ ಹುಡುಗರು ಯಾರು?

ನಾವು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಆ ಗೂಡುಗಳಲ್ಲಿ ಭೂತಗನ್ನಡಿಯ ಕೆಳಗೆ ಬಗ್ಗಿ ಕುಳಿತ ಹುಡುಗರಲ್ಲಿ ಎಲ್ಲರೂ ಪದವೀಧರರಲ್ಲ. ಹಿರಿಯನೊಬ್ಬನ ಕೈಕೆಳಗೆ ಕಸ ಗುಡಿಸುತ್ತ, ಚಹಾ ತರುತ್ತ, ತಿರುಪು ಬಿಚ್ಚುತ್ತ ಕಲಿತವರು ಅನೇಕರು. ಕಪ್ಪುಬಸಿ ತೊಳೆಯುವುದರಿಂದ ತೊಡಗಿ ಗಲ್ಲಾದವರೆಗೆ ಬಂದ ನಮ್ಮ ಹೊಟೇಲಿಗರ ದಾರಿಯೂ ಇದುವೇ ಅಲ್ಲವೇ? ಅಲ್ಲಿ ಬಗೆಬಗೆಯ ನುಡಿಗಳು ಕಿವಿಗೆ ಬೀಳುತ್ತವೆ, ನಮ್ಮ ಕನ್ನಡ ಮಾತ್ರ ಅಪರೂಪ.

ಪರೇಲಿನವರಿಗೆ ಕೈಕಸುಬಿನ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ. 1982ರ ಜನವರಿ 18ರಂದು ತೊಡಗಿದ ಗಿರಣಿ ಮುಷ್ಕರದ ಬಳಿಕ ಮಗ್ಗದ ಕಸುಬು ಬಲ್ಲ ಸಹಸ್ರಾರು ಕೈಗಳು ಬರಿದಾದುವು. ಆ ಕೈಗಳನ್ನು ನಂಬಿದ್ದ ಖಾನಾವಳಿಗಳೂ ನಮ್ಮ ಹೊಟೇಲುಗಳೂ ಗಿರಾಕಿಗಳಿಲ್ಲದೆ ಸೊರಗಿದುವು. ಫೀನಿಕ್ಸ್ ಗಿರಣಿ ನಿಂತಿದ್ದ ನೆಲದಲ್ಲಿ ಇಂದು ಹೊಚ್ಚ ಹೊಸತನ್ನು ಮಾತ್ರ ಮಾರುವ ಹವಾನಿಯಂತ್ರಿತ ಅಂಗಡಿಗಳಿವೆ. ಅಲ್ಲಿ ಕೊಂಡದ್ದು ಕೆಟ್ಟರೆ 'ಇದರ ಭಾಗ ಬರುವುದಿಲ್ಲ, ಹೊಸದನ್ನೇ ತೆಗೆದುಕೊಳ್ಳಿ' ಎಂಬ ಉತ್ತರ ಎಷ್ಟು ಜನರಿಗೆ ಸಿಕ್ಕಿಲ್ಲ! ಹಾಗೆನ್ನದವನು ಉಳಿದಿರುವುದು ಲ್ಯಾಮಿಂಗ್ಟನ್ ರಸ್ತೆಯಂಥ ಪೇಟೆಗಳಲ್ಲಿ. ಜಾಲದ ಮೇಲೆ ಮನೆಬಾಗಿಲಿಗೇ ಸರಕು ಬರುವ ಈ ಕಾಲದಲ್ಲಿ ಅವನ ವ್ಯಾಪಾರಕ್ಕೂ ಪೆಟ್ಟು ಬಿದ್ದಿದೆ. ಆದರೆ ಪೆಟ್ಟಿಗೆಯಲ್ಲಿ ಕಟ್ಟಿ ಕಳುಹಿಸಲಾಗದ ಸರಕು ಅವನ ಬೆರಳುಗಳಲ್ಲಿದೆ. ಕೆಟ್ಟ ಯಂತ್ರಗಳು ಇರುವವರೆಗೆ ಅದಕ್ಕೆ ಬೇಡಿಕೆ ತಪ್ಪದು.

ಎಸ್ಸೆಸ್ಸೆಲ್ಸಿ ಮುಗಿಸಿ ಊರಿನಿಂದ ಬಂದು ಹೊಟೇಲಿನಲ್ಲಿ ದುಡಿಯುವ ತರುಣರು ಈ ವಿದ್ಯೆಯನ್ನೇಕೆ ಕಲಿಯಬಾರದು? ಸರಕಾರದ ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಶಿಕ್ಷಣ ಎರಡು ವರ್ಷದ್ದು, ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಪ್ರವೇಶವುಂಟು. ಅಷ್ಟು ಬಿಡುವಿಲ್ಲದವರು ವಾರಕ್ಕೊಂದು ರಜೆಯ ದಿನ ಬಲ್ಲವನೊಬ್ಬನ ಬಳಿ ಕುಳಿತು ಕಣ್ಣಲ್ಲೇ ಕಲಿಯಲಾರಂಭಿಸಬಹುದು. ಬೆಸುಗೆಯ ಕಡ್ಡಿ, ಒಂದು ಮೀಟರು, ಒಂದಿಷ್ಟು ತಿರುಪುಳಿ ಇಷ್ಟಕ್ಕೆ ತಗಲುವ ಬಂಡವಾಳ ದೊಡ್ಡದಲ್ಲ. ಕಲಿಸುತ್ತೇವೆಂದು ದೊಡ್ಡ ಮೊತ್ತವನ್ನು ಮುಂಗಡ ಕೇಳುವ ಖಾಸಗಿ ತರಗತಿಗಳಲ್ಲಿ ಮಾತ್ರ ವಿಚಾರಿಸಿ ಕಾಲಿಡಬೇಕು.

ಮಾಲಕ ಬಂಧುಗಳಿಗೂ ಒಂದು ಬಿನ್ನಹ. ಈ ಮುಂಬಯಿಯಲ್ಲಿ ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಎಷ್ಟೋ ಹುಡುಗರು ಮೇಲೆ ಬಂದರು. ಸಂಜೆಯ ಗಿರಾಕಿಯ ನಡುವೆಯೂ ಅವರನ್ನು ಶಾಲೆಗೆ ಬಿಟ್ಟುಕೊಟ್ಟ ಧಣಿಗಳಿದ್ದುದರಿಂದಲೇ ಅದು ಸಾಧ್ಯವಾಯಿತು. ಇಂದಿನ ರಾತ್ರಿಶಾಲೆ ಒಂದು ಬೆಸುಗೆಯ ಕಡ್ಡಿಯ ಮುಂದೆಯೂ ನಡೆಯಬಹುದು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ತೊಡಗುವ ನಡುವಿನ ಎರಡು ಗಂಟೆಯನ್ನು ಕಲಿಯಬಯಸುವ ಹುಡುಗನಿಗೆ ಬಿಟ್ಟುಕೊಟ್ಟರೆ ಹೊಟೇಲಿಗೆ ಆಗುವ ನಷ್ಟ ಅಲ್ಪ. ಅವನು ಕಲಿತ ಬಳಿಕ ನಮ್ಮದೇ ರುಬ್ಬುವ ಯಂತ್ರ ಕೆಟ್ಟಾಗ ಹೊರಗಿನವನ ದಾರಿ ಕಾಯುವುದೂ ತಪ್ಪೀತು.