ಬಂದನು, ಬಂದಿದ್ದಾನೆ: ಇಂಗ್ಲಿಷಿನ ಎರಡು ಕಾಲಗಳನ್ನು ಕುರಿತು

ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದುವಾಗ ಉಪಾಧ್ಯಾಯರ ಕೆಂಪು ಶಾಯಿ ಹೆಚ್ಚು ವ್ಯಯವಾಗುವುದು ಅಕ್ಷರದೋಷಗಳಿಗೆಂದು ಅನೇಕ ತಂದೆತಾಯಂದಿರು ಎಣಿಸಿರುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಅಕ್ಷರದೋಷ ಅಭ್ಯಾಸದಿಂದ ತಾನಾಗಿಯೇ ಕಡಿಮೆಯಾಗುತ್ತದೆ. ಹತ್ತನೆಯ ತರಗತಿಯವರೆಗೂ, ಅದರ ಆಚೆಗೂ, ಬೆನ್ನುಬಿಡದೆ ಬರುವ ದೋಷ ಭೂತಕಾಲದ ಕ್ರಿಯಾಪದದ್ದು. "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ಎಂದು ತರಗತಿಯ ಮೊದಲಿಗನೂ ಬರೆಯುತ್ತಾನೆ. "ನಾನು ಅವನನ್ನು ನಿನ್ನೆ ನೋಡಿದ್ದೇನೆ" ಎಂಬ ಕನ್ನಡ ವಾಕ್ಯದಲ್ಲಿ ಯಾವ ಕುಂದೂ ಇಲ್ಲದಿರುವಾಗ, ಅದರ ಇಂಗ್ಲಿಷ್ ರೂಪ ಮಾತ್ರ ಏಕೆ ತಪ್ಪಾಗಬೇಕು? ಈ ಪ್ರಶ್ನೆ ನ್ಯಾಯವಾದುದು. ಇದಕ್ಕೆ ಉತ್ತರ ಕೊಡದೆ ಕೇವಲ ಗೆರೆ ಎಳೆದು ಅಂಕ ಕಳೆದರೆ ವಿದ್ಯಾರ್ಥಿಗೆ ಪ್ರಯೋಜನವಾಗದು.

ನಮ್ಮ ವ್ಯಾಕರಣ ಪುಸ್ತಕಗಳು ಈ ಎರಡು ಕಾಲಗಳಲ್ಲಿ ಒಂದನ್ನು ಸಾಮಾನ್ಯ ಭೂತಕಾಲವೆಂದೂ ಇನ್ನೊಂದನ್ನು ಪೂರ್ಣ ವರ್ತಮಾನಕಾಲವೆಂದೂ ಕರೆಯುತ್ತವೆ. "ಸಾ" ಎಂಬುದು ಮೊದಲನೆಯದು; "ಹ್ಯಾವ್ ಸೀನ್" ಎಂಬುದು ಎರಡನೆಯದು. ಮಕ್ಕಳು ಇದನ್ನು ಕಲಿಯುವ ಬಗೆ ಹೇಗೆಂದರೆ, "ಗೋ, ವೆಂಟ್, ಗಾನ್" ಎಂದು ಮೂರು ಸಾಲುಗಳನ್ನು ಉರುಹಚ್ಚುವುದು, ಎರಡನೆಯ ಸಾಲಿನದು ಸಾಮಾನ್ಯ ಭೂತ, ಮೂರನೆಯ ಸಾಲಿನ ಹಿಂದೆ "ಹ್ಯಾಸ್" ಇಲ್ಲವೆ "ಹ್ಯಾವ್" ಸೇರಿಸಿದರೆ ಪೂರ್ಣ ವರ್ತಮಾನ ಎಂದು ಹೇಳುವುದು. ಉರುಹಚ್ಚುವುದು ಬೇಡವೆಂದು ನಾವು ಹೇಳುವುದಿಲ್ಲ. ಆ ಸಾಲುಗಳು ಬಾಯಿಗೆ ಬಾರದೆ ಇಂಗ್ಲಿಷ್ ಬಾರದು. ಆದರೆ ರೂಪವನ್ನು ಕಟ್ಟಲು ಬಂದಮಾತ್ರಕ್ಕೆ ಅದನ್ನು ಎಲ್ಲಿ ಪ್ರಯೋಗಿಸತಕ್ಕದ್ದೆಂಬುದು ತಿಳಿದಂತಾಗಲಿಲ್ಲ.

ಎರಡನೆಯದರ ಹೆಸರನ್ನೇ ಸ್ವಲ್ಪ ನಿಂತು ನೋಡಬೇಕು. ಕೆಲಸ ಮುಗಿದುಹೋಗಿದೆ, ಆದರೂ ಇಂಗ್ಲಿಷಿನವರು ಅದನ್ನು ವರ್ತಮಾನವೆಂದು ಎಣಿಸುತ್ತಾರೆ. ಏಕೆಂದರೆ ಹೇಳುವವನ ದೃಷ್ಟಿ ಇರುವುದು ನಡೆದ ಸಂಗತಿಯ ಮೇಲಲ್ಲ, ಅದರಿಂದ ಈಗ ಉಂಟಾಗಿರುವ ಸ್ಥಿತಿಯ ಮೇಲೆ. ಒಂದು ಉದಾಹರಣೆಯನ್ನು ನೋಡೋಣ. ಮಳೆಗಾಲದಲ್ಲಿ ಒಬ್ಬ ಹುಡುಗ "ಐ ಲಾಸ್ಟ್ ಮೈ ಅಂಬ್ರೆಲಾ" ಎನ್ನುತ್ತಾನೆ. ಅವನು ಯಾವಾಗಲೋ ಕೊಡೆ ಕಳೆದುಕೊಂಡನು ಎಂಬಷ್ಟೇ ಇದರಿಂದ ತಿಳಿಯಿತು. ಆಮೇಲೆ ಅದು ಸಿಕ್ಕಿತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಇನ್ನೊಬ್ಬನು "ಐ ಹ್ಯಾವ್ ಲಾಸ್ಟ್ ಮೈ ಅಂಬ್ರೆಲಾ" ಎನ್ನುತ್ತಾನೆ. ಇವನ ಕೈಯಲ್ಲಿ ಈಗ ಕೊಡೆ ಇಲ್ಲ. ನೆನೆಯುತ್ತ ಮನೆಗೆ ಹೋಗಬೇಕಾಗಿದೆ. ಯಾರಾದರೂ ತಮ್ಮ ಕೊಡೆಯೊಳಗೆ ಕರೆದುಕೊಂಡರೆ ಉಪಕಾರ. ಇಷ್ಟೂ ಆ "ಹ್ಯಾವ್" ಎಂಬ ಚಿಕ್ಕ ಪದದಲ್ಲಿ ಅಡಗಿದೆ.

ಈ ಭೇದ ಕನ್ನಡದ ಮಕ್ಕಳಿಗೆ ಹೊಸದೆಂದು ತಿಳಿಯುವುದು ಸರಿಯಲ್ಲ. "ಮಾವ ಬಂದರು" ಎಂದರೆ ಬರುವ ಕಾರ್ಯ ನಡೆಯಿತು. "ಮಾವ ಬಂದಿದ್ದಾರೆ" ಎಂದರೆ ಮಾವ ಈಗ ಚಾವಡಿಯಲ್ಲಿ ಕುಳಿತಿದ್ದಾರೆ, ಒಳಗಿನಿಂದ ಬೆಲ್ಲ ನೀರು ತರಬೇಕು. "ಇದ್ದಾರೆ" ಎಂಬ ವರ್ತಮಾನ ರೂಪ ನಮ್ಮ ಕ್ರಿಯಾಪದದ ಬಾಲದಲ್ಲಿಯೇ ಅಂಟಿಕೊಂಡಿದೆ. ಇಂಗ್ಲಿಷಿನವರು "ಹ್ಯಾವ್" ಎಂಬ ಸಹಾಯಕ ಪದದಿಂದ ಮಾಡುವ ಕೆಲಸವನ್ನು ನಾವು "ಇರು" ಧಾತುವಿನಿಂದ ಮಾಡುತ್ತೇವೆ.

ನಿಷೇಧ ವಾಕ್ಯಗಳಲ್ಲಂತೂ ಕನ್ನಡ ಇನ್ನೂ ಸ್ಪಷ್ಟವಾಗಿದೆ. "ಅವನು ಬರಲಿಲ್ಲ" ಎಂಬುದು "ಹಿ ಡಿಡ್ ನಾಟ್ ಕಮ್". "ಅವನು ಬಂದಿಲ್ಲ" ಎಂಬುದು "ಹಿ ಹ್ಯಾಸ್ ನಾಟ್ ಕಮ್". ಮೊದಲನೆಯದರಲ್ಲಿ ಕಾಯುವಿಕೆ ಮುಗಿಯಿತು; ಎರಡನೆಯದರಲ್ಲಿ ಬಾಗಿಲ ಕಡೆ ನೋಡುವುದು ಇನ್ನೂ ಉಂಟು. ಆಸ್ಪತ್ರೆಯಲ್ಲಿ ಅಜ್ಜಿಯ ಜೊತೆಗೆ ಹೋದ ಮೊಮ್ಮಗಳು "ಅಜ್ಜಿ ಮಾತ್ರೆ ತೆಗೆದುಕೊಂಡಿಲ್ಲ" ಎಂದರೆ ವೈದ್ಯರು "ಈಗ ಕೊಡಿ" ಎಂದಾರು. "ಅಜ್ಜಿ ಮಾತ್ರೆ ತೆಗೆದುಕೊಳ್ಳಲಿಲ್ಲ" ಎಂದರೆ ಯಾವ ಹೊತ್ತಿನದು ತಪ್ಪಿತು ಎಂದು ವಿಚಾರಿಸಿಯಾರು. ಐದು ವರ್ಷದ ಕೂಸೂ ಈ ಎರಡನ್ನು ಒಂದರ ಬದಲಿಗೆ ಇನ್ನೊಂದೆಂದು ಆಡುವುದು ಅಪರೂಪ. ಆದುದರಿಂದ ಇಂಗ್ಲಿಷಿನಲ್ಲಿ ಯಾವ ಕಾಲ ಎಂಬ ಸಂಶಯ ಬಂದಾಗ, ವಾಕ್ಯವನ್ನು ಮನಸ್ಸಿನಲ್ಲಿಯೇ ಕನ್ನಡದ ನಿಷೇಧಕ್ಕೆ ತಿರುಗಿಸಿ ನೋಡುವ ಉಪಾಯವನ್ನು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. "-ಅಲಿಲ್ಲ" ಬಂದರೆ "ಡಿಡ್". "-ಇಲ್ಲ" ಮಾತ್ರ ಬಂದರೆ "ಹ್ಯಾಸ್" ಅಥವಾ "ಹ್ಯಾವ್". ಈ ಉಪಾಯ ನೂರಕ್ಕೆ ನೂರು ಸಲ ಕೈಹಿಡಿಯುವುದಿಲ್ಲ, ಆದರೆ ಬಹುಮಟ್ಟಿಗೆ ಹಿಡಿಯುತ್ತದೆ.

ನಮ್ಮ ಕಾಸರಗೋಡಿನ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ತುಳು ಆಡುವ ಮಕ್ಕಳು ನಮ್ಮಲ್ಲಿ ಬಹಳ. ತುಳುವಿನಲ್ಲಿ "ಆರ್ ಬತ್ತೆರ್" ಎಂದರೆ ಅವರು ಬಂದರು. "ಆರ್ ಬೈದೆರ್" ಎಂದರೆ ಅವರು ಬಂದಿದ್ದಾರೆ. "ಇರು" ಎಂಬ ಧಾತುವಿನ ಸಹಾಯವೂ ಕಾಣದಂತೆ ಕ್ರಿಯಾಪದವೇ ಬೇರೆ ರೂಪ ತಾಳುತ್ತದೆ. 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ತುಳು ವ್ಯಾಕರಣದಲ್ಲಿ ಬ್ರಿಗೆಲ್ ಪಾದ್ರಿಗಳು ಇವನ್ನು ಬೇರೆ ಬೇರೆ ಕಾಲಗಳೆಂದೇ ವಿಂಗಡಿಸಿದ್ದಾರೆ. ಮಲೆಯಾಳದಲ್ಲಿಯೂ "ವನ್ನು", "ವನ್ನಿಟ್ಟುಂಡ್" ಎಂಬ ಭೇದವನ್ನು ಮಕ್ಕಳು ಪೇಟೆಯಲ್ಲಿ ದಿನವೂ ಕೇಳುತ್ತಾರೆ. ಮೂರು ಭಾಷೆಗಳಲ್ಲಿ ಈ ತಾರತಮ್ಯವನ್ನು ಅರಿತ ಮಗುವಿಗೆ ನಾಲ್ಕನೆಯದರಲ್ಲಿ ಅದು ಕಬ್ಬಿಣದ ಕಡಲೆಯಾಗಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬಾರದೆಂದು ಹೆದರಿ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುವ ಪೋಷಕರು ಇದನ್ನು ಯೋಚಿಸಬೇಕೆಂದು ನಮ್ಮ ಪ್ರಾರ್ಥನೆ. ಕನ್ನಡದ ಮೂಲಕ ವಿವರಿಸಿದಾಗ ಹತ್ತು ನಿಮಿಷದಲ್ಲಿ ಹೊಳೆಯುವ ವಿಷಯವನ್ನು, ಇಂಗ್ಲಿಷಿನಲ್ಲಿಯೇ ವಿವರಿಸಹೊರಟರೆ ಒಂದು ವಾರವೂ ಸಾಲದು.

ಹಾಗಾದರೆ ದೋಷ ಬರುವುದು ಎಲ್ಲಿಂದ? ಎರಡು ಭಾಷೆಗಳ ಗಡಿಗಳು ಎಲ್ಲೆಡೆಯೂ ಒಂದೇ ಗೆರೆಯ ಮೇಲೆ ಹೋಗುವುದಿಲ್ಲ. ಕೆಲವೆಡೆ ಕನ್ನಡ ಉದಾರ, ಇಂಗ್ಲಿಷ್ ಜಿಪುಣ.

ಮುಖ್ಯವಾದುದು ಮೊದಲು ಹೇಳಿದ "ನಿನ್ನೆ". ಕನ್ನಡದಲ್ಲಿ "ನಿನ್ನೆ ನೋಡಿದ್ದೇನೆ", "ಹೋದ ವರ್ಷ ಕೊಂಡಿದ್ದೇನೆ" ಎನ್ನಬಹುದು. ಇಂಗ್ಲಿಷಿನಲ್ಲಿ, ಮುಗಿದುಹೋದ ಕಾಲವನ್ನು ಬಾಯಿಬಿಟ್ಟು ಹೆಸರಿಸಿದ ಕೂಡಲೇ ಪೂರ್ಣ ವರ್ತಮಾನಕ್ಕೆ ಅಲ್ಲಿ ಸ್ಥಾನವಿಲ್ಲ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019, ಇವುಗಳಲ್ಲಿ ಯಾವುದು ಬಂದರೂ ಸಾಮಾನ್ಯ ಭೂತವೇ ಗತಿ. "ವೆನ್" ಎಂದು ಪ್ರಶ್ನಿಸುವಾಗಲೂ ಹಾಗೆಯೇ: "ವೆನ್ ಡಿಡ್ ಯು ಕಮ್" ಎನ್ನಬೇಕೇ ಹೊರತು "ವೆನ್ ಹ್ಯಾವ್ ಯು ಕಮ್" ಎನ್ನಲಾಗದು. ಕಾಲದ ಹೆಸರು ಮುಗಿಯದ ಕಾಲದ್ದಾದರೆ ಮಾತು ಬೇರೆ. ಬೆಳಗಿನ ಹತ್ತು ಗಂಟೆಗೆ "ಐ ಹ್ಯಾವ್ ರೆಡ್ ಟೂ ಲೆಸನ್ಸ್ ದಿಸ್ ಮಾರ್ನಿಂಗ್" ಎಂದ ಹುಡುಗ, ಅದೇ ಸಂಗತಿಯನ್ನು ಸಂಜೆ ಹೇಳುವಾಗ "ಐ ರೆಡ್" ಎನ್ನುತ್ತಾನೆ. ಓದಿದ ಪಾಠ ಅದೇ. ಬೆಳಗು ಮಾತ್ರ ಕಳೆದುಹೋಯಿತು.

ಮಳೆಗಾಲದಲ್ಲಿ ಶಾಲೆಗಳಿಗೆ ರಜೆ ಸಾರಿದ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದರೆ ಇದು ಚೆನ್ನಾಗಿ ಕಾಣುತ್ತದೆ. "ದ ಕಲೆಕ್ಟರ್ ಹ್ಯಾಸ್ ಡಿಕ್ಲೇರ್ಡ್ ಎ ಹಾಲಿಡೇ" ಎಂದು ಸುದ್ದಿ ಆರಂಭವಾದೀತು; ರಜೆ ಈಗ ಅಸ್ತಿತ್ವದಲ್ಲಿದೆಯಷ್ಟೆ. ಮುಂದಿನ ಸಾಲಿನಲ್ಲಿ "ದ ಆರ್ಡರ್ ವಾಸ್ ಇಷ್ಯೂಡ್ ಆನ್ ಸಂಡೇ ನೈಟ್" ಎಂದು ವಿವರಕ್ಕೆ ಇಳಿಯುವಾಗ ಕಾಲ ಬದಲಾಗುತ್ತದೆ. ರಜೆಯ ಸುದ್ದಿಯನ್ನು ಮಕ್ಕಳು ಹೇಗೂ ಶ್ರದ್ಧೆಯಿಂದ ಓದುತ್ತಾರೆ. ಕ್ರಿಯಾಪದಗಳನ್ನೂ ಅದೇ ಶ್ರದ್ಧೆಯಿಂದ ನೋಡಿದರೆ ರಜೆ ವ್ಯರ್ಥವಾಗದು.

ಇನ್ನೊಂದು ವಿಚಿತ್ರವಿದೆ. "ಮಂಜೇಶ್ವರದ ಗೋವಿಂದ ಪೈಗಳು ಅನೇಕ ಕವನಗಳನ್ನು ಬರೆದಿದ್ದಾರೆ" ಎಂದು ನಾವು ಹೇಳುತ್ತೇವೆ. ಕವನಗಳು ನಮ್ಮ ಕಣ್ಣ ಮುಂದಿವೆ; ಕನ್ನಡಕ್ಕೆ ಅಷ್ಟು ಸಾಕು. ಆದರೆ 1883ರಲ್ಲಿ ಹುಟ್ಟಿ 1963ರಲ್ಲಿ ಕೀರ್ತಿಶೇಷರಾದ ಕವಿಯ ವಿಷಯದಲ್ಲಿ ಇಂಗ್ಲಿಷ್ "ಗೋವಿಂದ ಪೈ ರೋಟ್" ಎಂದೇ ಹೇಳಬಯಸುತ್ತದೆ. "ಹ್ಯಾಸ್ ರಿಟನ್" ಎಂದರೆ ಕವಿ ಇನ್ನೂ ಬದುಕಿದ್ದಾರೆ, ಇನ್ನಷ್ಟು ಬರೆದಾರು ಎಂಬ ಭಾವ ಬರುತ್ತದೆ. ಬ್ರಿಗೆಲ್ ಪಾದ್ರಿಗಳು "ವಿಂಗಡಿಸಿದ್ದಾರೆ" ಎಂದು ಮೇಲೆ ನಾವೇ ಬರೆದೆವು. ಕನ್ನಡದಲ್ಲಿ ಅದು ಸಾಧುವೇ. ಅದನ್ನು ಇಂಗ್ಲಿಷಿಗೆ ತರುವವನು ಎಚ್ಚರವಾಗಿರಬೇಕು.

"-ಇಂದ" ಪ್ರತ್ಯಯ ಮತ್ತೊಂದು ಬಲೆ. "ಐದು ವರ್ಷಗಳಿಂದ ಇಲ್ಲಿ ಓದುತ್ತಿದ್ದೇನೆ" ಎಂಬುದನ್ನು ಮಕ್ಕಳು "ಐ ಆಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್" ಎಂದು ಮಾಡುತ್ತಾರೆ. ಇದರಲ್ಲಿ ದೋಷಗಳು ಎರಡು. ಹಿಂದೆ ಆರಂಭವಾಗಿ ಈಗಿನವರೆಗೆ ನಡೆದುಬಂದುದಕ್ಕೆ ಇಂಗ್ಲಿಷ್ "ಹ್ಯಾವ್" ಬೇಡುತ್ತದೆ. ಅವಧಿಯ ಉದ್ದಕ್ಕೆ "ಫಾರ್", ಆರಂಭದ ಬಿಂದುವಿಗೆ "ಸಿನ್ಸ್". "ಐ ಹ್ಯಾವ್ ಸ್ಟಡೀಡ್ ಹಿಯರ್ ಫಾರ್ ಫೈವ್ ಇಯರ್ಸ್" ಎಂಬುದು ಸರಿಯಾದ ವಾಕ್ಯ. ನಮ್ಮ ನಾಡಿನ ಚರಿತ್ರೆಯಿಂದಲೇ ಇದನ್ನು ನೆನಪಿಡಬಹುದು. ಕಾಸರಗೋಡು ಮೊದಲು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು; ಆ ಸ್ಥಿತಿ ಮುಗಿದುದರಿಂದ ಅದಕ್ಕೆ "ವಾಸ್". 1956ನೆಯ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ತಾರೀಕು ಇರುವುದರಿಂದ "ಬಿಕೇಮ್ ಪಾರ್ಟ್ ಆಫ್ ಕೇರಳ ಇನ್ 1956". ಅಂದಿನಿಂದ ಇಂದಿನವರೆಗೆ ಅಲ್ಲಿಯೇ ಇದೆ. ಆದುದರಿಂದ "ಹ್ಯಾಸ್ ಬೀನ್ ಇನ್ ಕೇರಳ ಸಿನ್ಸ್ 1956". ಸಂಗತಿ ಒಂದೇ, ಕಾಲಗಳು ಎರಡು ಬಗೆ.

ಇದಕ್ಕೆ ವಿರುದ್ಧವಾಗಿ, ಕನ್ನಡ ಸಾಮಾನ್ಯ ಭೂತವನ್ನು ಬಳಸುವಲ್ಲಿ ಇಂಗ್ಲಿಷ್ "ಹ್ಯಾವ್" ಕೇಳುವುದೂ ಉಂಟು. "ಈಗ ತಾನೇ ಬಂದೆ" ಎಂಬುದು "ಐ ಹ್ಯಾವ್ ಜಸ್ಟ್ ಕಮ್". ಅಮೆರಿಕದವರು ಇಲ್ಲಿ "ಐ ಜಸ್ಟ್ ಕೇಮ್" ಎಂದೂ ಹೇಳುತ್ತಾರೆ. ಮಕ್ಕಳು ಸಿನಿಮಾದಲ್ಲಿ ಕೇಳಿದ್ದನ್ನು ನಮ್ಮ ಮುಂದೆ ಸಾಕ್ಷಿಯಾಗಿ ತಂದಾರು. ಪರೀಕ್ಷೆಯಲ್ಲಿ ಮೊದಲನೆಯದನ್ನೇ ಬರೆಯುವುದು ಕ್ಷೇಮ. ಅಡಿಗೆಮನೆಯಿಂದ ಕರೆದಾಗ ಜಗಲಿಯಿಂದ ಏಳದೆಯೇ "ಇಗೋ ಬಂದೆ" ಎನ್ನುವ ನಮ್ಮ ಭೂತಕಾಲವನ್ನಂತೂ ಯಾವ ಇಂಗ್ಲಿಷ್ ಭೂತಕಾಲಕ್ಕೂ ಹೊಂದಿಸಲಾಗದು.

"ಹೋಗಿದ್ದೆ" ಎಂಬ ರೂಪದ ವಿಷಯ ಇಲ್ಲಿ ಒಂದು ಮಾತು. "ನಿನ್ನೆ ಮಂಗಳೂರಿಗೆ ಹೋಗಿದ್ದೆ" ಎಂದರೆ ಹೋಗಿ ಹಿಂತಿರುಗಿ ಆಯಿತು ಎಂಬ ಅರ್ಥ ಕನ್ನಡದಲ್ಲಿ ಸಹಜ. ಅದನ್ನು "ಐ ಹ್ಯಾಡ್ ಗಾನ್" ಎನ್ನುವ ರೂಢಿ ಭಾರತದಲ್ಲೆಲ್ಲ ಇದೆ, ವಿದ್ಯಾವಂತರಲ್ಲಿಯೂ ಇದೆ. ಇಂಗ್ಲಿಷಿನ "ಹ್ಯಾಡ್" ಒಂಟಿಯಾಗಿ ನಿಲ್ಲಲಾರದು. ಭೂತಕಾಲದ ಇನ್ನೊಂದು ಸಂಗತಿಗಿಂತ ಮೊದಲು ನಡೆದುದಕ್ಕೆ ಮಾತ್ರ ಅದು ಸಲ್ಲುತ್ತದೆ. ನಾವು ನಿಲ್ದಾಣ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿದ್ದರೆ, ಆ ರೈಲಿಗೆ "ಹ್ಯಾಡ್ ಲೆಫ್ಟ್" ಸರಿ. ಮಂಗಳೂರಿಗೆ "ಐ ವೆಂಟ್" ಸಾಕು. ತಾರೀಕನ್ನು ಹೇಳದೆ "ಅಣ್ಣ ಮಂಗಳೂರಿಗೆ ಹೋಗಿದ್ದಾನೆ" ಎಂದರೆ "ಹ್ಯಾಸ್ ಗಾನ್". "ಹೋಗಿ ಬಂದಿದ್ದಾನೆ" ಎಂದರೆ "ಹ್ಯಾಸ್ ಬೀನ್". ಇಲ್ಲಿ ಕನ್ನಡವೇ ಹೆಚ್ಚು ನೇರ.

ಇಷ್ಟೆಲ್ಲ ಸೂಕ್ಷ್ಮ ಯಾಕೆ, ಅರ್ಥವಾದರೆ ಸಾಲದೆ ಎಂದು ಕೆಲವರು ಕೇಳಬಹುದು. ಅರ್ಥವಾಗದೆ ಹೋಗುವುದೂ ಉಂಟು. ಉದ್ಯೋಗದ ಅರ್ಜಿಯಲ್ಲಿ "ಐ ವರ್ಕ್ಡ್ ಇನ್ ಎ ಪ್ರೆಸ್ ಫಾರ್ ತ್ರೀ ಇಯರ್ಸ್" ಎಂದು ಬರೆದ ತರುಣನು ಆ ಕೆಲಸ ಬಿಟ್ಟಿದ್ದಾನೆಂದು ಓದುವವರು ತಿಳಿಯುತ್ತಾರೆ. ಏಕೆ ಬಿಟ್ಟನೆಂಬ ಸಂಶಯವೂ ಹುಟ್ಟೀತು. ಅವನು ಇನ್ನೂ ಅಲ್ಲಿಯೇ ಇದ್ದರೆ "ಐ ಹ್ಯಾವ್ ವರ್ಕ್ಡ್" ಎನ್ನಬೇಕಿತ್ತು. "ಐ ಹ್ಯಾವ್ ಪಾಸ್ಡ್ ದ ಎಸ್.ಎಸ್.ಎಲ್.ಸಿ." ಎಂಬುದು ಸಾಧು, ಅದರ ಮುಂದೆ ಇಸವಿ ಬಂದರೆ "ಐ ಪಾಸ್ಡ್" ಆಗಬೇಕು. ನಮ್ಮ ಊರುಗಳಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ಎಷ್ಟೋ ಮಂದಿ. ಪರದೇಶದ ಕಚೇರಿಯೊಂದರ ಕಿಟಕಿಯ ಮುಂದೆ ನಿಂತು "ಐ ಹ್ಯಾಡ್ ಲಾಸ್ಟ್ ಮೈ ಪಾಸ್‌ಪೋರ್ಟ್" ಎಂದರೆ, ಒಳಗಿನವನು "ಸರಿ, ಆಮೇಲೆ ಸಿಕ್ಕಿತೋ?" ಎಂದು ಕತೆಯ ಮುಂದಿನ ಭಾಗಕ್ಕೆ ಕಾಯುತ್ತಾನೆ. "ಐ ಹ್ಯಾವ್ ಲಾಸ್ಟ್" ಎಂದವನಿಗೆ ಆ ಕ್ಷಣವೇ ಅರ್ಜಿಯ ನಮೂನೆ ಸಿಕ್ಕೀತು.

ಇಂಗ್ಲಿಷ್ ಬಾರದ ತಂದೆತಾಯಂದಿರೂ ಇದರಲ್ಲಿ ನೆರವಾಗಬಹುದು. ಮಗು ಇಂಗ್ಲಿಷ್ ವಾಕ್ಯ ಬರೆಯುವಾಗ "ಯಾವಾಗ ಎಂದು ಅದರಲ್ಲಿ ಹೇಳಿದೆಯೋ?" ಎಂದು ಕೇಳಿರಿ. ಹೇಳಿದ್ದರೆ, "ಆ ಹೊತ್ತು ಮುಗಿಯಿತೋ?" ಎಂದು ಕೇಳಿರಿ. ಉಳಿದುದನ್ನು ಮಗುವೇ ನೋಡಿಕೊಳ್ಳುತ್ತದೆ.

ವಿದ್ಯಾರ್ಥಿಗಳಿಗಾಗಿ ಐದು ವಾಕ್ಯಗಳನ್ನು ಕೊಡುತ್ತೇವೆ. ಇಂಗ್ಲಿಷಿಗೆ ತಿರುಗಿಸಿ ನಿಮ್ಮ ಉಪಾಧ್ಯಾಯರಿಗೆ ತೋರಿಸಿರಿ. ಅಜ್ಜಿ ಈಗ ತಾನೇ ಮಲಗಿದರು. ಮಳೆ ಇನ್ನೂ ಬಿಟ್ಟಿಲ್ಲ. ಪರೀಕ್ಷೆಯ ಶುಲ್ಕವನ್ನು ಹೋದ ತಿಂಗಳು ಕಟ್ಟಿದ್ದೇನೆ. ನಾವು ಹತ್ತು ವರ್ಷಗಳಿಂದ ಈ ಮನೆಯಲ್ಲಿದ್ದೇವೆ. ನಿನ್ನೆ ಸಂಜೆ ಯಕ್ಷಗಾನಕ್ಕೆ ಹೋಗಿದ್ದೆವು. ಇವುಗಳಲ್ಲಿ ಸಾಮಾನ್ಯ ಭೂತ ಸಲ್ಲುವುದು ಎರಡಕ್ಕೆ ಮಾತ್ರ. ಆ ಎರಡು ಯಾವುವೆಂದು ನಾವು ಹೇಳುವುದಿಲ್ಲ.