ಕಿಟ್ಟೆಲರ ಹುಟ್ಟೂರು ಮತ್ತು ಅಳಿದುಹೋದ ನೊರ್ಡೆನ್ ಜಿಲ್ಲೆ

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು 1832ನೆಯ ಇಸವಿಯ ಏಪ್ರಿಲ್ 7ರಂದು ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರೆಂಬುದು ಕನ್ನಡ ವಿದ್ವಾಂಸರಿಗೆ ತಿಳಿದ ಸಂಗತಿ. ಆದರೆ ಆ ಹಳ್ಳಿ ಎಲ್ಲಿದೆಯೆಂದು ಕೇಳಿದರೆ ಉತ್ತರಗಳು ಒಂದೊಂದು ದಿಕ್ಕಿಗೆ ಹೋಗುತ್ತವೆ. ಹನೋವರ್ ರಾಜ್ಯವೆಂದು ಒಬ್ಬರು, ಪ್ರಶ್ಯವೆಂದು ಮತ್ತೊಬ್ಬರು, ಪೂರ್ವ ಫ್ರೀಸಿಯಾ ಎಂದು ಇನ್ನೊಬ್ಬರು ಬರೆಯುವುದುಂಟು. ಜಿಲ್ಲೆಯ ಹೆಸರನ್ನು ಹೇಳಹೊರಟವರಂತೂ ನೊರ್ಡೆನ್, ಔರಿಖ್ ಎಂಬ ಎರಡು ಹೆಸರುಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಇವುಗಳಲ್ಲಿ ಯಾವುದೂ ಪೂರ್ತಿಯಾಗಿ ಸುಳ್ಳಲ್ಲ. ಆದರೆ ಎಲ್ಲವೂ ಒಂದೇ ಕಾಲಕ್ಕೆ ಸಲ್ಲುವುವಲ್ಲ. ಈ ತೊಡಕನ್ನು ಬಿಡಿಸಬೇಕಾದರೆ ನೊರ್ಡೆನ್ ಜಿಲ್ಲೆಯ ಹುಟ್ಟು ಸಾವುಗಳನ್ನು ತಿಳಿಯುವುದು ಅವಶ್ಯ.

ಇಂತಹ ತೊಡಕು ನಮಗೆ ಅಪರಿಚಿತವಾದುದೇನಲ್ಲ. ಬ್ಯಾಂಕಿನ ಮೇಜಿನ ಮುಂದೆ ಕುಳಿತುಕೊಳ್ಳುವ ನನ್ನಂಥವನಿಗೆ ಅದು ನಿತ್ಯದ ಅನುಭವ. ಗದಗಿನ ಹಿರಿಯರೊಬ್ಬರು ತಂದುಕೊಡುವ ಒಂದು ಕಾಗದದಲ್ಲಿ ಹುಟ್ಟಿದ್ದು 'ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ' ಎಂದಿರುತ್ತದೆ. ಮತ್ತೊಂದರಲ್ಲಿ 'ಧಾರವಾಡ ಜಿಲ್ಲೆ, ಮೈಸೂರು ರಾಜ್ಯ'. 1997ರ ನಂತರದ ಕಾಗದದಲ್ಲಿ 'ಗದಗ ಜಿಲ್ಲೆ, ಕರ್ನಾಟಕ'. ಮನುಷ್ಯ ಒಬ್ಬನೇ, ಮನೆಯೂ ಒಂದೇ. ಕಾಗದಗಳನ್ನು ಹೊಂದಿಸುವುದಕ್ಕೆ ಮಾತ್ರ ಅರ್ಧ ದಿನ ಬೇಕು.

ಇನ್ನು ಪ್ರಕೃತಕ್ಕೆ ಬರೋಣ. ಪೂರ್ವ ಫ್ರೀಸಿಯಾ ಎಂಬುದು ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಹಾಲೆಂಡಿನ ಗಡಿಗೆ ತಾಗಿ, ಉತ್ತರ ಸಮುದ್ರಕ್ಕೆ ಮುಖಮಾಡಿಕೊಂಡಿರುವ ತಗ್ಗು ನಾಡು. ಔರಿಖ್ ಪಟ್ಟಣದಿಂದ ಆಳುತ್ತಿದ್ದ ಸ್ಥಳೀಯ ಅರಸುಮನೆತನ 1744ರಲ್ಲಿ ನಿಂತುಹೋಗಿ ನಾಡು ಪ್ರಶ್ಯಕ್ಕೆ ಸೇರಿತು. ನೆಪೋಲಿಯನನ ಕಾಲದಲ್ಲಿ ಮೊದಲು ಹಾಲೆಂಡಿನ, ಆಮೇಲೆ ಫ್ರಾನ್ಸಿನ ಕೈಯಲ್ಲಿದ್ದು, 1815ರಲ್ಲಿ ಹನೋವರ್ ರಾಜ್ಯಕ್ಕೆ ಬಂದಿತು. ಆಗ ಹನೋವರಿಗೂ ಇಂಗ್ಲೆಂಡಿಗೂ ಒಬ್ಬನೇ ಅರಸು. ಆದುದರಿಂದ ಕಿಟ್ಟೆಲರು ಹುಟ್ಟಿದಾಗ ಅವರ ಹಳ್ಳಿಯ ದೊರೆ ನಾಲ್ಕನೆಯ ವಿಲಿಯಂ. ಬ್ರಿಟನ್ನಿನ ಸಿಂಹಾಸನದ ಮೇಲಿದ್ದವನೂ ಅವನೇ. 1837ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದಳು. ಗಂಡು ವಾರಸುದಾರನಿರುವಾಗ ಹೆಣ್ಣಿಗೆ ಪಟ್ಟವಿಲ್ಲವೆಂಬುದು ಹನೋವರಿನ ಕಾನೂನು. ಹೀಗಾಗಿ ಆ ರಾಜ್ಯ ಆಕೆಯ ಚಿಕ್ಕಪ್ಪನ ಪಾಲಾಗಿ, ಎರಡು ರಾಜ್ಯಗಳ ನಂಟು ಹರಿಯಿತು. ಬಾಲಕ ಕಿಟ್ಟೆಲರಿಗೆ ಆಗ ಐದು ವರ್ಷ. 1866ರಲ್ಲಿ ಪ್ರಶ್ಯ ಹನೋವರನ್ನೇ ನುಂಗಿತು. ಇಷ್ಟೆಲ್ಲ ಆದರೂ 'ನೊರ್ಡೆನ್ ಜಿಲ್ಲೆ' ಎಂಬುದು ಇನ್ನೂ ಹುಟ್ಟಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಅದು ಹುಟ್ಟಿದ್ದು 1885ರಲ್ಲಿ. ಪ್ರಶ್ಯ ಸರಕಾರವು ಹಿಂದಿನ ವರ್ಷ ಹನೋವರ್ ಪ್ರಾಂತಕ್ಕಾಗಿ ಮಾಡಿದ ಕಾಯಿದೆಯಂತೆ ಹಳೆಯ ಅಮಲುಗಳನ್ನು ಒಟ್ಟುಗೂಡಿಸಿ 'ಕ್ರೈಸ್' ಎಂಬ ಘಟಕಗಳನ್ನು ರಚಿಸಿತು. ಪೂರ್ವ ಫ್ರೀಸಿಯಾದಲ್ಲಿ ಎಂಡೆನ್ ನಗರವನ್ನು ಬಿಟ್ಟು ಆರು ಗ್ರಾಮೀಣ ಕ್ರೈಸುಗಳಾದುವು: ಔರಿಖ್, ಎಂಡೆನ್, ಲೇರ್, ನೊರ್ಡೆನ್, ವೇನರ್, ವಿಟ್ಮುಂಡ್. ಕಿಟ್ಟೆಲರು ಬಾಸೆಲ್ ಮಿಶನ್ನಿನಿಂದ ಭಾರತಕ್ಕೆ ಹೊರಟದ್ದು 1853ರಲ್ಲಿ. ಅವರು ತಾಯ್ನಾಡನ್ನು ಬಿಟ್ಟು ಮೂವತ್ತೆರಡು ವರ್ಷಗಳಾದ ಮೇಲೆ ಅವರ ಹುಟ್ಟೂರಿಗೆ ಈ ಜಿಲ್ಲೆ ಪ್ರಾಪ್ತವಾಯಿತು.

ಕ್ರೈಸ್ ಎಂಬುದನ್ನು ಜಿಲ್ಲೆಯೆಂದು ಕರೆಯುವುದು ರೂಢಿ. 1939ರಿಂದ ಗ್ರಾಮೀಣ ಕ್ರೈಸಿಗೆ 'ಲಾಂಡ್‌ಕ್ರೈಸ್' ಎಂಬ ಹೆಸರಾಯಿತು. ಆದರೆ ನಮ್ಮ ಜಿಲ್ಲೆಯ ಅಳತೆಯನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬಾರದು. ನೊರ್ಡೆನನ್ನು ಒಳಗೊಂಡ ಇಂದಿನ ದೊಡ್ಡ ಔರಿಖ್ ಜಿಲ್ಲೆಯ ವಿಸ್ತೀರ್ಣವೇ ಸುಮಾರು 1,287 ಚದರ ಕಿಲೋಮೀಟರು. ಈಗಿನ ಧಾರವಾಡ ಜಿಲ್ಲೆಯ ಮೂರರಲ್ಲೊಂದು ಪಾಲಿಗೂ ಕಡಿಮೆ. ಅಳತೆಯಲ್ಲಿ ತಾಲೂಕು, ಅಧಿಕಾರದಲ್ಲಿ ಮಾತ್ರ ಹಾಗಲ್ಲ. ಅದಕ್ಕೆ ಚುನಾಯಿತ ಸಭೆಯಿತ್ತು, ಸ್ವಂತ ಬೊಕ್ಕಸವಿತ್ತು. ಊರೂರಿನ ನಡುವಣ ರಸ್ತೆ, ಆಸ್ಪತ್ರೆ, ಕಟ್ಟಡದ ಪರವಾನಿಗೆ, ಮುಂದೆ ಮೋಟಾರು ಗಾಡಿಗಳ ನೋಂದಣಿ, ಇವೆಲ್ಲ ಅದರ ಕೆಲಸಗಳು. ಮುಖ್ಯಸ್ಥನಾದ ಲಾಂಡ್‌ರಾಟನು ಒಂದು ಕಡೆ ರಾಜನ ಅಧಿಕಾರಿ, ಇನ್ನೊಂದು ಕಡೆ ಜಿಲ್ಲೆಯ ಜನರ ಮುಖಂಡ. 1945ರ ತರುವಾಯ ಈ ಭಾಗವನ್ನು ಹಿಡಿದಿದ್ದ ಬ್ರಿಟಿಷರು ಈ ಇಬ್ಬಂದಿ ಸ್ಥಾನವನ್ನು ಒಡೆದರು. ಲಾಂಡ್‌ರಾಟನು ಸಭೆಯ ಗೌರವಾಧ್ಯಕ್ಷನಾಗಿ ಉಳಿದನು; ಕಚೇರಿಯ ಭಾರ ಬೇರೊಬ್ಬ ಸಂಬಳದ ಅಧಿಕಾರಿಯ ಹೆಗಲಿಗೇರಿತು. 1946ರ ನವೆಂಬರಿನಲ್ಲಿ ಕೆಳ ಸ್ಯಾಕ್ಸನಿ ರಾಜ್ಯ ರೂಪುಗೊಂಡಾಗ ನೊರ್ಡೆನ್ ಅದರ ಭಾಗವಾಯಿತು.

ಜಿಲ್ಲೆಯ ನೆಲವನ್ನು ಕುರಿತು ಎರಡು ಮಾತು ಹೇಳದೆ ಮುಂದುವರಿಯಲಾರೆ. ಬಾಲ್ಟ್ರುಮ್, ನೊರ್ಡರ್‌ನೈ, ಯೂಯಿಸ್ಟ್ ಎಂಬ ಮೂರು ದ್ವೀಪಗಳು ಅದಕ್ಕೆ ಸೇರಿದ್ದುವು. ನೊರ್ಡರ್‌ನೈ 1797ರಿಂದ ಸಮುದ್ರಸ್ನಾನದ ಕ್ಷೇತ್ರವಾಗಿ, ಹನೋವರಿನ ಅರಸರಿಗೆ ಬೇಸಗೆಯ ಬೀಡಾಗಿತ್ತು. ಒಳನಾಡಿನಲ್ಲಿ ಕರಾವಳಿಯ ಜವುಗು ನೆಲವೆಲ್ಲ ಕಡಲಿನಿಂದ ಗೆದ್ದುಕೊಂಡದ್ದು. ಉಬ್ಬರದ ನೀರನ್ನು ತಡೆಯಲು ಮಣ್ಣಿನ ಒಡ್ಡು, ಒಳಗಿನ ನೀರನ್ನು ಹೊರಗೆ ಬಿಡಲು ತೂಬು: ಇವೆರಡೂ ಇಲ್ಲದೆ ಅಲ್ಲಿ ಬೇಸಾಯವಿಲ್ಲ. ಊರ ಹೆಸರುಗಳೇ ಇದಕ್ಕೆ ಸಾಕ್ಷಿ. ನೊರ್ಡ್‌ಡೈಖ್ ಎಂಬಲ್ಲಿನ 'ಡೈಖ್' ಎಂದರೆ ಒಡ್ಡು. ಗ್ರೇಟ್‌ಜೀಲ್, ನೆಸ್ಮರ್‌ಜೀಲ್, ಡೋರ್ನುಮರ್‌ಜೀಲ್ ಎಂಬಲ್ಲಿನ 'ಜೀಲ್' ಎಂದರೆ ತೂಬು. ಒಡ್ಡಿನ ರಕ್ಷಣೆ ಮಾತ್ರ ಜಿಲ್ಲೆಯ ಕೈಯಲ್ಲಿರಲಿಲ್ಲ. ಅದಕ್ಕೆ ಭೂಹಿಡುವಳಿದಾರರದೇ ಒಡ್ಡಿನ ಕೂಟಗಳಿದ್ದುವು. ಅವುಗಳ ಬೇರು ಮಧ್ಯಯುಗಕ್ಕೆ ಹೋಗುತ್ತದೆ. ನೊರ್ಡೆನ್ ಒಡ್ಡಿನ ಕೂಟ ಇಂದಿಗೂ ಅದೇ ಹೆಸರಿನಿಂದ ಬದುಕಿದೆ. ಜಿಲ್ಲೆಗಿಂತ ಮೊದಲೇ ಹುಟ್ಟಿ, ಜಿಲ್ಲೆ ಹೋದ ಮೇಲೂ ಉಳಿದದ್ದು ಅದು.

ನೊರ್ಡೆನ್ ಜಿಲ್ಲೆ ತಾನು ಅಳಿಯುವುದಕ್ಕೆ ಮುಂಚೆ ಒಂದು ನೆರೆಯ ಜಿಲ್ಲೆಯನ್ನು ಕರಗಿಸಿಕೊಂಡಿತ್ತು. 1932ರ ಹಣದ ಮುಗ್ಗಟ್ಟಿನಲ್ಲಿ ಪ್ರಶ್ಯ ಸರಕಾರ ಸಣ್ಣ ಜಿಲ್ಲೆಗಳನ್ನು ಮುಚ್ಚಹೊರಟಿತು. ವೇನರ್ ಜಿಲ್ಲೆ ಲೇರ್ ಜಿಲ್ಲೆಗೆ ಸೇರಿತು. ಎಂಡೆನ್ ಗ್ರಾಮೀಣ ಜಿಲ್ಲೆಯ ಬಹುಭಾಗ ನೊರ್ಡೆನಿಗೆ ಬಂದಿತು. ಗ್ರೇಟ್‌ಜೀಲ್, ಪೆವ್ಸುಮ್ ಮೊದಲಾದ ಊರುಗಳು ನೊರ್ಡೆನಿನ ಲೆಕ್ಕಕ್ಕೆ ಸೇರಿದ್ದು ಹೀಗೆ. ಆಗ ಬಳಸಿದ ನ್ಯಾಯವನ್ನೇ ನಲವತ್ತೈದು ವರ್ಷಗಳ ನಂತರ ನೊರ್ಡೆನಿನ ಮೇಲೆ ಬಳಸಲಾಯಿತು.

ಕೆಳ ಸ್ಯಾಕ್ಸನಿ ಸರಕಾರ 1965ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರಜ್ಞ ವೆರ್ನರ್ ವೇಬರ್ ಅವರ ನೇತೃತ್ವದಲ್ಲಿ ತಜ್ಞರ ಆಯೋಗವೊಂದನ್ನು ನೇಮಿಸಿತು. ಅದರ ವರದಿ 1969ರಲ್ಲಿ ಹೊರಬಂದಿತು. ಹೊಸ ಕಾಲದ ಆಡಳಿತಕ್ಕೆ ಪರಿಣತ ನೌಕರರು ಬೇಕು, ಅವರನ್ನು ಸಾಕಲು ದೊಡ್ಡ ಘಟಕಗಳು ಬೇಕು ಎಂಬುದು ಆ ಕಾಲದ ವಾದ. 1972ರ ಜುಲೈಯಲ್ಲಿ ಹಳ್ಳಿಗಳನ್ನು ಕೂಡಿಸಿದರು. ಎಂಡೆನಿನ ಬಳಿಯ ಹತ್ತೊಂಬತ್ತು ಹಳ್ಳಿಗಳು ಕ್ರುಮ್‌ಹೋರ್ನ್ ಎಂಬ ಒಂದೇ ಪೌರಘಟಕವಾದುವು. ಆಮೇಲೆ ಜಿಲ್ಲೆಗಳ ಸರದಿ. ಅರುವತ್ತು ಜಿಲ್ಲೆಗಳಿದ್ದ ರಾಜ್ಯದಲ್ಲಿ ಕೊನೆಗೆ ಉಳಿದವು ಮೂವತ್ತೇಳು. 1977ರ ಆಗಸ್ಟ್ 1ರಂದು ನೊರ್ಡೆನ್ ಜಿಲ್ಲೆ ಔರಿಖ್ ಜಿಲ್ಲೆಯಲ್ಲಿ ಲೀನವಾಯಿತು. ಅದರ ಆಯುಸ್ಸು ತೊಂಬತ್ತೆರಡು ವರ್ಷ.

ಕೇಂದ್ರಸ್ಥಾನ ಔರಿಖಿಗೆ ಹೋಯಿತು. ಹಳೆಯ ಅರಸರ ಪಟ್ಟಣ, ಮೇಲಿನ ವಿಭಾಗದ ಕಚೇರಿಯೂ ಅಲ್ಲೇ ಇದ್ದುದರಿಂದ ತಕ್ಕಡಿ ಆ ಕಡೆಗೆ ವಾಲಿತೆಂದು ನನ್ನ ಊಹೆ. ವಿಚಿತ್ರವೆಂದರೆ ರೈಲು ಓಡುವುದು ನೊರ್ಡೆನಿಗೆ. ಔರಿಖಿನ ಪ್ರಯಾಣಿಕರ ರೈಲು 1967ರಲ್ಲಿಯೇ ನಿಂತುಹೋಗಿತ್ತು. ದ್ವೀಪದ ನಿವಾಸಿಯೊಬ್ಬನಿಗೆ ಜಿಲ್ಲಾ ಕಚೇರಿಯಲ್ಲಿ ಕೆಲಸವಿದ್ದರೆ ಮೊದಲು ಹಡಗಿನಲ್ಲಿ ದಡಕ್ಕೆ ಬಂದು, ಆಮೇಲೆ ನೊರ್ಡೆನನ್ನು ಹಿಂದಿಕ್ಕಿ ಮತ್ತಷ್ಟು ದೂರ ಸಾಗಬೇಕಾಯಿತು. ಇಂತಹ ಲೆಕ್ಕ ಆಯೋಗಗಳ ವರದಿಯ ಜಮಾಖರ್ಚಿನಲ್ಲಿ ಕಾಣುವುದು ಅಪರೂಪ.

ಪಕ್ಕದ ವಿಟ್ಮುಂಡಿನ ಕಥೆ ಬೇರೆಯಾಯಿತು. ಅದನ್ನೂ ಅದೇ ದಿನ ಫ್ರೀಸ್‌ಲಾಂಡ್ ಜಿಲ್ಲೆಯೊಡನೆ ಬೆಸೆದಿದ್ದರು. ವಿವಾದ ಬ್ಯೂಕೆಬುರ್ಗಿನಲ್ಲಿರುವ ರಾಜ್ಯದ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. 1979ರಲ್ಲಿ ಆ ಬೆಸುಗೆ ಸಂವಿಧಾನಸಮ್ಮತವಲ್ಲವೆಂದು ತೀರ್ಪಾಯಿತು. 1980ರ ಜನವರಿ 1ರಂದು ಎರಡೂ ಜಿಲ್ಲೆಗಳು ಮರಳಿ ಎದ್ದುವು. ನೊರ್ಡೆನ್ ಏಳಲಿಲ್ಲ.

ಹಾಗಾದರೆ ಉಳಿದದ್ದೇನು? ನನ್ನ ವೃತ್ತಿಯ ದೃಷ್ಟಿಯಿಂದ ಮೊದಲು ಕಣ್ಣಿಗೆ ಬಿದ್ದದ್ದು ಅಲ್ಲಿನ ಉಳಿತಾಯ ಬ್ಯಾಂಕಿನ ಹೆಸರು: 'ಔರಿಖ್-ನೊರ್ಡೆನ್ ಉಳಿತಾಯ ಬ್ಯಾಂಕ್'. ಸರಕಾರ ಅಳಿಸಿದ ಹೆಸರನ್ನು ಠೇವಣಿದಾರರ ಮುಂದೆ ಅಳಿಸುವ ಧೈರ್ಯ ಬ್ಯಾಂಕಿಗೆ ಬರಲಿಲ್ಲವೆಂದು ತೋರುತ್ತದೆ. ಅದು ಜಾಣತನವೇ ಸರಿ. ಆಸ್ಪತ್ರೆಗೆ ಆ ಭಾಗ್ಯ ದೊರೆಯಲಿಲ್ಲ. ಔರಿಖ್, ನೊರ್ಡೆನ್ ಎರಡೂ ಕಡೆ ಇದ್ದ ಆಸ್ಪತ್ರೆಗಳಿಗೆ ಬದಲಾಗಿ ಎಂಡೆನಿಗೂ ಸೇರಿ ಒಂದೇ ಕೇಂದ್ರ ಆಸ್ಪತ್ರೆಯೆಂಬ ಯೋಜನೆಗೆ 2017ರಲ್ಲಿ ಔರಿಖ್ ಜಿಲ್ಲೆಯ ಮತದಾರರು ಒಪ್ಪಿಗೆ ಕೊಟ್ಟರು. 2023ರಲ್ಲಿ ನೊರ್ಡೆನಿನ ಆಸ್ಪತ್ರೆ ಒಳರೋಗಿಗಳ ತುರ್ತು ಚಿಕಿತ್ಸೆಯನ್ನು ನಿಲ್ಲಿಸಿ ಆರೋಗ್ಯ ಕೇಂದ್ರವಾಗಿ ಮಾರ್ಪಟ್ಟಿತು. ಪ್ರತ್ಯೇಕ ಜಿಲ್ಲೆಯಾಗಿ ಉಳಿದಿದ್ದರೆ ಅದು ಬದುಕುತ್ತಿತ್ತೆಂದು ಹೇಳುವುದು ಕಷ್ಟ. ಆದರೆ ಮುಚ್ಚಬೇಕೇ ಬೇಡವೇ ಎಂಬುದನ್ನು ನೊರ್ಡೆನಿನಲ್ಲಿ ಕುಳಿತ ಸಭೆಯೊಂದು ನಿರ್ಣಯಿಸಬೇಕಾಗುತ್ತಿತ್ತು.

ಇನ್ನು ಕಿಟ್ಟೆಲರ ವಿಷಯ. ಅವರು ಓದಿದ್ದು ಔರಿಖಿನ ಶಾಲೆಯಲ್ಲಿ, ತೀರಿಕೊಂಡದ್ದು 1903ರಲ್ಲಿ ದೂರದ ಟ್ಯೂಬಿಂಗೆನ್ನಿನಲ್ಲಿ. ನೊರ್ಡೆನ್ ಜಿಲ್ಲೆಯ ನಿವಾಸಿಯೆಂದು ಅವರನ್ನು ಕರೆಯಲು ಆಧಾರವಿಲ್ಲ. ಪ್ರಶ್ಯವೆಂದು ಬರೆದರೆ ಮೂವತ್ತನಾಲ್ಕು ವರ್ಷ ಮುಂದಕ್ಕೆ ಹಾರಿದಂತಾಗುತ್ತದೆ. ಮುಂದೆ ಅವರ ಚರಿತ್ರೆಯನ್ನು ಅಚ್ಚಿಗೆ ಕೊಡುವವರು ಜನ್ಮಸ್ಥಳವನ್ನು 'ರೆಸ್ಟರ್‌ಹಾಫೆ, ಪೂರ್ವ ಫ್ರೀಸಿಯಾ, ಹನೋವರ್ ರಾಜ್ಯ. ಈಗ ಕೆಳ ಸ್ಯಾಕ್ಸನಿಯ ಔರಿಖ್ ಜಿಲ್ಲೆಯ ಡೋರ್ನುಮ್‌ಗೆ ಸೇರಿದ್ದು' ಎಂದು ನಮೂದಿಸಬೇಕೆಂದು ನನ್ನ ಸೂಚನೆ.