ಹೊಳೆಯಿಲ್ಲದ ನಾಡು ಕುವೈತ್

ನಮ್ಮ ಹಳೆಯ ವಿದ್ಯಾರ್ಥಿನಿಯೋರ್ವಳಿಗೆ ಕುವೈತ್ ದೇಶದಲ್ಲಿ ದಾದಿಯ ಕೆಲಸವು ದೊರಕುವ ಸಂಭವವುಂಟಾದಾಗ, ಆಕೆಯ ತಾಯಿಯು ನಮ್ಮಲ್ಲಿಗೆ ಬಂದು ಕೇಳಿದ ಮೊದಲನೆಯ ಮಾತು, "ಅಮ್ಮಾವ್ರೇ, ಅಲ್ಲಿ ಹೊಳೆ ಅದಾ?" ಎಂಬುದು. ಕಾವೇರಿ ಕಪಿಲೆಗಳ ಸಂಗಮದಲ್ಲಿ ಬಾಳುವವರಿಗೆ ಇದು ಸಹಜವಾದ ಪ್ರಶ್ನೆಯೇ ಸರಿ. ಭೂಗೋಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾವು ಯಾವ ತರಗತಿಯಲ್ಲಿಯೂ ಕಂಡಿಲ್ಲ.

ಅಲ್ಲಿ ಹೊಳೆಯಿಲ್ಲ. ಪಾರಸೀ ಕೊಲ್ಲಿಯ ವಾಯವ್ಯ ಮೂಲೆಯಲ್ಲಿ, ಇರಾಕ್ ಮತ್ತು ಸೌದಿ ಅರೇಬಿಯಗಳ ನಡುವೆ ಇರುವ ಈ ನಾಡಿನ ವಿಸ್ತೀರ್ಣವು 17,818 ಚದರ ಕಿಲೋಮೀಟರು ಮಾತ್ರ. ಮಳೆಯು ಅತ್ಯಲ್ಪ. 2016ನೆಯ ಜುಲೈ 21ರಂದು ಮಿತ್ರಿಬಾ ಎಂಬಲ್ಲಿ ಉಷ್ಣತೆಯು 53.9 ಸೆಂಟಿಗ್ರೇಡ್ ಡಿಗ್ರಿಗೇರಿತ್ತು. ಪೂರ್ವದಲ್ಲಿ ಕುಡಿಯುವ ನೀರನ್ನು ಷಟ್-ಅಲ್-ಅರಬ್ ನದಿಯಿಂದ ಹಡಗುಗಳಲ್ಲಿ ತಂದು ಮಾರುತ್ತಿದ್ದರು. 1953ರಿಂದೀಚೆಗೆ ಸಮುದ್ರದ ನೀರನ್ನೇ ಕಾಯಿಸಿ, ಉಪ್ಪು ನೀಗಿಸಿ ಊರಿಗೆಲ್ಲ ಕೊಡುವರು. ಇದಕ್ಕೆ ಬೇಕಾದ ಶಾಖವು ತೈಲ ಮತ್ತು ಅನಿಲಗಳಿಂದ ಬರುವುದಾದಕಾರಣ, ಆ ಜನರು ಎಣ್ಣೆಯನ್ನು ಸುಟ್ಟು ನೀರು ಕುಡಿಯುವರೆಂದರೆ ತಪ್ಪಾಗದು.

ಕಲ್ಲೆಣ್ಣೆ ದೊರೆಯುವ ಮೊದಲು ಅವರು ಕಡಲಲ್ಲಿ ಮುಳುಗಿ ಮುತ್ತು ತೆಗೆಯುತ್ತಿದ್ದರು; ಹಾಯಿಹಡಗುಗಳಲ್ಲಿ ಬಸ್ರದ ಖರ್ಜೂರವನ್ನು ಹೇರಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬಂದು, ಮಲೆಯಾಳದ ತೇಗದ ಮರವನ್ನು ಒಯ್ಯುತ್ತಿದ್ದರು. 1961ರಲ್ಲಿ ದಿನಾರು ಬರುವ ವರೆಗೆ ಅಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ. ಇದನ್ನು ಹೇಳಿದರೆ ನಮ್ಮ ಹುಡುಗಿಯರು ನಂಬುವುದಿಲ್ಲ! ಜಪಾನಿನವರು ಸಾಕಿ ಬೆಳೆಸಿದ ಮುತ್ತುಗಳು ಬಂದು ಆ ಕಸುಬು ಕುಸಿಯಿತು. 1938ರಲ್ಲಿ ಬುರ್ಗಾನ್ ಎಂಬಲ್ಲಿ ಎಣ್ಣೆಯು ಸಿಕ್ಕಿದರೂ, ಮಹಾಯುದ್ಧದ ದೆಸೆಯಿಂದ ರಫ್ತು ಮೊದಲಾದುದು 1946ರಲ್ಲಿ. 1976ರಲ್ಲಿ ಸರ್ಕಾರದ ಹುಟ್ಟುವಳಿಯ ನೂರಕ್ಕೆ 10 ಪಾಲನ್ನು ಮುಂದಿನ ಸಂತತಿಗಾಗಿ ತೆಗೆದಿಡಬೇಕೆಂದು ಕಾನೂನು ಮಾಡಿದರು. ಮಗಳ ಮದುವೆಗೆ ಹೊಲವನ್ನು ಅಡವಿಡುವ ತಂದೆಗಳು ಇದನ್ನು ಗಮನಿಸಬಹುದು.

ಈಗ ಅಲ್ಲಿಯ ನಿವಾಸಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊರನಾಡಿಗರು. ಅವರಲ್ಲಿ ಭಾರತೀಯರೇ ಹೆಚ್ಚು. ಕನ್ನಡಿಗರಿಗೆ ಕುವೈತ್ ಕನ್ನಡ ಕೂಟವೆಂಬ ಸಂಘವುಂಟು. ಸ್ಥಿತಿಯು ಮಾತ್ರ ಸ್ಥಿರವಲ್ಲ. 1990ನೆಯ ಆಗಸ್ಟ್ 2ರಂದು ಇರಾಕ್ ಆ ದೇಶವನ್ನು ಆಕ್ರಮಿಸಲು, ಲಕ್ಷಕ್ಕೂ ಮಿಕ್ಕ ಭಾರತೀಯರು ಗಳಿಕೆಯನ್ನು ಬಿಟ್ಟು, ಬಹುಮಂದಿ ಜೋರ್ಡಾನಿನ ಅಮ್ಮಾನ್ ನಗರದ ಮೂಲಕ ವಿಮಾನದಲ್ಲಿ ಹಿಂದಿರುಗಬೇಕಾಯಿತು.

ಸ್ತ್ರೀಯರಿಗೆ ಮತದಾನದ ಹಕ್ಕು 2005ರಲ್ಲಿ ದೊರೆಯಿತು. ಮನೆಗೆಲಸದವರ ಪಾಸ್‌ಪೋರ್ಟನ್ನು ಯಜಮಾನನು ಇಟ್ಟುಕೊಳ್ಳಕೂಡದು, ವಾರಕ್ಕೊಂದು ದಿನ ಬಿಡುವು ಕೊಡತಕ್ಕದ್ದು ಎಂದು 2015ರ ಕಾನೂನು ವಿಧಿಸುವುದು. ಎಲ್ಲ ಮನೆಗಳಲ್ಲಿಯೂ ಹಾಗೆ ನಡೆಯುವುದೆಂದು ನಂಬಲಾಗದು. ದಲ್ಲಾಳಿಗಳು ದಾದಿಯರಿಂದ ಲಕ್ಷಗಟ್ಟಲೆ ಹಣ ಸುಲಿಯುತ್ತಿದ್ದುದರಿಂದ, ಅದೇ ವರ್ಷ ಭಾರತ ಸರ್ಕಾರವು ಅವರ ನೇಮಕವು ಸರ್ಕಾರೀ ಸಂಸ್ಥೆಗಳ ಮೂಲಕ ನಡೆಯಬೇಕೆಂದು ಆಜ್ಞಾಪಿಸಿತು.

ಆ ತಾಯಿಗೆ ಇಷ್ಟನ್ನೂ ಹೇಳಿದೆವು. ಮಗಳನ್ನು ಕಳುಹಿಸಬೇಡಿರೆಂದು ನಾವು ಹೇಳಲಿಲ್ಲ. ಒಪ್ಪಂದದ ಕಾಗದವನ್ನು ಮೊದಲು ತರಿಸಿರೆಂದೆವು. ಬೇರೆ ಪೋಷಕರೂ ಅಂತಹ ಕಾಗದವನ್ನು ತರಬಹುದು. ಭಾನುವಾರ ಹೊರತು ಸಂಜೆ 5 ಗಂಟೆಯ ಮೇಲೆ ನಾವು ಶಾಲೆಯಲ್ಲಿಯೇ ಇರುತ್ತೇವೆ. ಇಂಗ್ಲಿಷಿನಲ್ಲಿದ್ದರೆ ಓದಿ ಅರ್ಥ ಹೇಳುವೆವು.